ಮಂಚದಿಂದ ಏನು ಕಾಣಿಸುತ್ತದೆ?

ಕಳೆದ ತಿಂಗಳು ಮನೆಯ ಕಿಟಕಿಗಳ ಬಗ್ಗೆ ಬರೆಯುವಾಗ ಮಾತಿಗೆ ಮಾತು ಬಂದು, ‘ಆಸ್ಪತ್ರೆ ಕಟ್ಟಿಸುವವರು ಮೊದಲು ಒಂದು ದಿನ ರೋಗಿಯ ಮಂಚದ ಮೇಲೆ ಮಲಗಿ ನೋಡಬೇಕು’ ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೇ ಇಷ್ಟು ಪತ್ರ ಬರುತ್ತವೆ ಅಂತ ಗೊತ್ತಿದ್ದರೆ ಮನೆ ವಿಷಯ ಬಿಟ್ಟು ಅದನ್ನೇ ಬರೆಯುತ್ತಿದ್ದೆ. ಈ ಸಲ ಅಂಕಣ ಪೂರ್ತಿ ಆಸ್ಪತ್ರೆಗೆ. ನಾನು ಡಾಕ್ಟರಲ್ಲ, ಕಟ್ಟಡದ ನಕ್ಷೆ ಬರೆಯುವವಳು. ಔಷಧಿಯ ಪ್ರಶ್ನೆಗಳನ್ನು ನಿಮ್ಮ ಡಾಕ್ಟರ ಹತ್ತಿರವೇ ಕೇಳಿ.

ಪ್ರಶ್ನೆ: ನಮ್ಮ ತಂದೆಗೆ ಪಿತ್ತಕೋಶದ ಆಪರೇಷನ್ ಆಗಬೇಕಿದೆ. ನರ್ಸಿಂಗ್ ಹೋಮಿನಲ್ಲಿ ಎರಡು ರೂಮು ತೋರಿಸಿದರು. ಒಂದರ ಕಿಟಕಿಯಲ್ಲಿ ಬೇವಿನ ಮರ, ಇನ್ನೊಂದರಲ್ಲಿ ಪಕ್ಕದ ಕಟ್ಟಡದ ಗೋಡೆ. ಮರದ ರೂಮಿಗೆ ದಿನಕ್ಕೆ 600 ರೂಪಾಯಿ ಜಾಸ್ತಿ. ಕೊಡಬಹುದಾ ಮೇಡಂ, ಇಲ್ಲಾ ಇದು ಸುಮ್ನೆ ದುಡ್ಡು ಕೀಳೋ ದಾರಿಯಾ? (ದಾವಣಗೆರೆಯ ಓದುಗರು)

ನೀವು ಬೇಕಂತಲೇ ಕೇಳಿದಿರೋ ಅಥವಾ ಕಾಕತಾಳೀಯವೋ ಗೊತ್ತಿಲ್ಲ, ಈ ವಿಷಯದಲ್ಲಿ ಅತಿ ಹೆಚ್ಚು ಹೆಸರು ಮಾಡಿದ ಅಧ್ಯಯನ ನಡೆದದ್ದು ಇದೇ ಆಪರೇಷನ್ ಮೇಲೆ, ಇದೇ ಥರದ ಎರಡು ಕಿಟಕಿಗಳ ಮೇಲೆ!

ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆ. ಒಂದೇ ಥರದ ರೂಮುಗಳ ಸಾಲು, ಒಂದೇ ಥರದ ಮಂಚ, ಅದೇ ಸಿಸ್ಟರ್‌ಗಳು. ಆದರೆ ಕೆಲವು ರೂಮಿನ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವುಗಳಿಂದ ಬರೀ ಇಟ್ಟಿಗೆ ಗೋಡೆ. ರೋಜರ್ ಉಲ್ರಿಚ್ ಎಂಬ ಸಂಶೋಧಕರು 1972ರಿಂದ 1981ರವರೆಗಿನ ಹಳೆ ಫೈಲುಗಳನ್ನು ತೆಗೆದು, ಪಿತ್ತಕೋಶದ ಆಪರೇಷನ್ ಆದ 46 ಜನರನ್ನು ಆರಿಸಿಕೊಂಡು, ವಯಸ್ಸು, ತೂಕ, ಬೀಡಿ ಸಿಗರೇಟಿನ ಅಭ್ಯಾಸ ಎಲ್ಲ ಹೊಂದುವಂತೆ ಜೋಡಿ ಜೋಡಿಯಾಗಿ ಇಟ್ಟು ನೋಡಿದರು. ಎಲೆ ಉದುರಿದ ಚಳಿಗಾಲದ ತಿಂಗಳುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಯಾಕೆಂದರೆ ಬೋಳು ಮರ ನೋಡಿದವರನ್ನು ಮರ ನೋಡಿದವರು ಅನ್ನಲು ಆಗುವುದಿಲ್ಲ, ಅಲ್ವಾ? ಮರದ ಕಡೆಯವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆಯ ಕಡೆಯವರು 8.70 ದಿನಕ್ಕೆ. ನೋವಿನ ಜೋರು ಔಷಧಿಯನ್ನು ಮರದ ಕಡೆಯವರು ಕಮ್ಮಿ ತೆಗೆದುಕೊಂಡಿದ್ದರು. ‘ಅಳುತ್ತಾರೆ, ಬೇಜಾರಿನಲ್ಲಿದ್ದಾರೆ’ ಎನ್ನುವಂಥ ಮಾತುಗಳೂ ಸಿಸ್ಟರ್‌ಗಳ ಬರಹದಲ್ಲಿ ಅವರ ಬಗ್ಗೆ ಕಮ್ಮಿ ಇದ್ದವು. 1984ರಲ್ಲಿ ಇದು ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಆಸ್ಪತ್ರೆ ಕಟ್ಟುವವರು ಕಿಟಕಿಯ ಆಚೆ ಏನಿದೆ ಅಂತ ನೋಡಲು ಶುರು ಮಾಡಿದ್ದರಲ್ಲಿ ಈ ಎರಡು ಮೂರು ಪುಟದ ಬರಹದ ಪಾಲು ದೊಡ್ಡದು.

ಆದರೆ ಲೆಕ್ಕ ಹಾಕುವಾಗ ಹುಷಾರು. 46 ಜನ ಅಂದರೆ ಸಣ್ಣ ಗುಂಪು. ಅಲ್ಲದೆ ಅದು ಹೊಟ್ಟೆ ಕೊಯ್ದು ಮಾಡುತ್ತಿದ್ದ ಕಾಲ, ಒಂದು ವಾರದ ಮೇಲೆ ಮಲಗಬೇಕಿತ್ತು. ಈಗ ಹೆಚ್ಚಿನ ಕಡೆ ಸಣ್ಣ ತೂತು ಮಾಡಿ ಲ್ಯಾಪ್ರೋಸ್ಕೋಪಿಯಲ್ಲಿ ಮುಗಿಸುತ್ತಾರೆ, ಎಲ್ಲ ಸರಿ ಇದ್ದರೆ ಒಂದೆರಡು ದಿನದಲ್ಲಿ ಮನೆ. ಹಾಗಾಗಿ ಬೇವಿನ ಮರ ನಿಮ್ಮ ತಂದೆಯನ್ನು ಬೇಗ ಡಿಸ್ಚಾರ್ಜ್ ಮಾಡಿಸಿ ಆ 600 ರೂಪಾಯಿ ವಾಪಸ್ ಕೊಡುತ್ತದೆ ಅಂತ ನಾನು ಹೇಳಲಾರೆ. ಕೈಯಲ್ಲಿ ಆಗುವುದಾದರೆ ತೆಗೆದುಕೊಳ್ಳಿ, ಸಾಲ ಮಾಡಿ ಬೇಡ. ಗೋಡೆಯ ರೂಮೇ ಆದರೂ ಡಾಕ್ಟರು ಓಡಾಡಬಹುದು ಅಂದ ಕೂಡಲೇ ಕಾರಿಡಾರಿನ ಕೊನೆಯ ಕಿಟಕಿಯವರೆಗೆ ಕೈ ಹಿಡಿದು ನಡೆಸಿಕೊಂಡು ಹೋಗಿ, ಅಲ್ಲಿ ಒಂದು ಕುರ್ಚಿ ಹಾಕಿಕೊಡಿ. ಅದಕ್ಕೆ ಯಾರೂ ಬಿಲ್ ಹಾಕುವುದಿಲ್ಲ, ಸದ್ಯಕ್ಕಂತೂ!

ಪ್ರಶ್ನೆ: ನಾನು ಡಾಕ್ಟರ್. 30 ಮಂಚದ ಆಸ್ಪತ್ರೆ ಕಟ್ಟಿಸುತ್ತಿದ್ದೇನೆ. ನಮ್ಮ ಆರ್ಕಿಟೆಕ್ಟು ‘ಬಯೋಫಿಲಿಕ್ ಡಿಸೈನ್’ ಅಂತ ಹೇಳಿ ಲಾಬಿಯಲ್ಲಿ ಎರಡು ಮಹಡಿ ಎತ್ತರದ ಹಸಿರು ಗೋಡೆ, ಸಣ್ಣ ಜಲಪಾತ ತೋರಿಸಿದ್ದಾರೆ. ಖರ್ಚು ನೋಡಿ ನನಗೇ ಬಿಪಿ ಏರಿತು. ನಿಜವಾಗಿ ಉಪಯೋಗ ಇದೆಯಾ? (ಹಾಸನದ ಓದುಗರು)

ಡಾಕ್ಟರೇ, ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಆ ಲಾಬಿಯಲ್ಲಿ ನಿಮ್ಮ ರೋಗಿ ಎಷ್ಟು ಹೊತ್ತು ಇರುತ್ತಾರೆ? ಬರುವಾಗ ಐದು ನಿಮಿಷ, ಹೋಗುವಾಗ ಬಿಲ್ ಕಟ್ಟುವವರೆಗೆ. ಮಿಕ್ಕ ಹೊತ್ತೆಲ್ಲ ಅವರು ಅಂಗಾತ ಮಲಗಿ ಫ್ಯಾನು ನೋಡುತ್ತಿರುತ್ತಾರೆ.

ಈ ಪಾಠ ನಾನು ಕಲಿತದ್ದು ಮುಖಕ್ಕೆ ಹೊಡೆಸಿಕೊಂಡು. ಹದಿನೈದು ವರ್ಷದ ಹಿಂದೆ ಒಂದು ನರ್ಸಿಂಗ್ ಹೋಮಿಗೆ ನಾನೇ ಇಂಥದೇ ಜಲಪಾತ ಬರೆದುಕೊಟ್ಟಿದ್ದೆ. ಉದ್ಘಾಟನೆಯ ದಿನ ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮೂರು ತಿಂಗಳಿಗೆ ಪಂಪು ಕೆಟ್ಟಿತು, ನೀರು ನಿಂತಿತು, ಮಳೆಗಾಲಕ್ಕೆ ಅದರೊಳಗೆ ಸೊಳ್ಳೆ ಮರಿ. ಮೇಲೆ ವಾರ್ಡಿನಲ್ಲಿ ಡೆಂಗಿ ರೋಗಿಗಳು, ಕೆಳಗೆ ನಾನು ಮಾಡಿಕೊಟ್ಟ ಸೊಳ್ಳೆ ತೊಟ್ಟಿಲು! ಅವರು ಅದಕ್ಕೆ ಮಣ್ಣು ತುಂಬಿ ಮನಿ ಪ್ಲಾಂಟ್ ನೆಟ್ಟರು, ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು. ಹಸಿರು ಗೋಡೆಯ ಕಥೆಯೂ ಹೆಚ್ಚು ಕಮ್ಮಿ ಇದೇ. ಹನಿ ನೀರು, ಗೊಬ್ಬರ, ಒಣಗಿದ ಕುಂಡ ಬದಲಿಸುವ ಆಳು, ಎಲ್ಲಕ್ಕೂ ವರ್ಷವರ್ಷ ಖರ್ಚು. ಸಣ್ಣ ಆಸ್ಪತ್ರೆಯಲ್ಲಿ ದುಡ್ಡಿಗೆ ಕತ್ತರಿ ಬೀಳುವುದು ಮೊದಲು ಅಲ್ಲಿಗೇ.

‘ಬಯೋಫಿಲಿಕ್’ ಅನ್ನುವ ಪದಕ್ಕೆ ಹೆದರಬೇಡಿ. ಮನುಷ್ಯನಿಗೆ ಗಿಡ ಮರ, ಪ್ರಾಣಿ ಪಕ್ಷಿ ಕಂಡರೆ ಹುಟ್ಟಿನಿಂದಲೇ ಒಂದು ಎಳೆತ ಇರುತ್ತದೆ ಅನ್ನುವ ವಿಚಾರ ಅದು. ಇದನ್ನು ಜನಪ್ರಿಯ ಮಾಡಿದ್ದು ಇರುವೆಗಳ ಮೇಲೆ ಕೆಲಸ ಮಾಡಿದ ಎಡ್ವರ್ಡ್ ವಿಲ್ಸನ್ ಎಂಬ ಅಮೆರಿಕದ ಜೀವವಿಜ್ಞಾನಿ, ಅದೂ 1984ರಲ್ಲೇ. ಆಸ್ಪತ್ರೆಯವರು ಈ ಪದ ಹುಟ್ಟುವ ಮೊದಲೇ ಆ ಕೆಲಸ ಮಾಡುತ್ತಿದ್ದರು. ಫಿನ್ಲೆಂಡಿನ ಪೈಮಿಯೊದಲ್ಲಿ ಪೈನ್ ಮರಗಳ ಕಾಡಿನ ನಡುವೆ 1933ರಲ್ಲಿ ಒಂದು ಟಿಬಿ ಆಸ್ಪತ್ರೆ ಮುಗಿಯಿತು. ಅದನ್ನು ರೂಪಿಸಿದ ಆಲ್ವರ್ ಆಲ್ಟೊ ತಲೆಯಲ್ಲಿ ಇದ್ದದ್ದು ನಿಂತ ಮನುಷ್ಯ ಅಲ್ಲ, ಮಲಗಿದ ಮನುಷ್ಯ. ಹಾಗಾಗಿ ಅಲ್ಲಿ ಸೂರಿಗೆ ಬಿಳಿ ಬಣ್ಣ ಇಲ್ಲ, ಕಣ್ಣಿಗೆ ತಂಪಾಗುವ ಹಸಿರು. ದೀಪ ಕಣ್ಣಿಗೆ ನೇರ ಹೊಡೆಯುವುದಿಲ್ಲ. ಒಬ್ಬರು ಕೈ ತೊಳೆದರೆ ಪಕ್ಕದವರಿಗೆ ಎಚ್ಚರ ಆಗಬಾರದು ಅಂತ ಸದ್ದಾಗದ ಸಿಂಕು. ಬಿಸಿಲು ಕಾಯಿಸಲು ರೋಗಿಗಳನ್ನು ಮಂಚದ ಸಮೇತ ಹೊರಗಿನ ಮೊಗಸಾಲೆಗೆ ತರುತ್ತಿದ್ದರು. ಆಗ ಟಿಬಿಗೆ ಔಷಧಿಯೇ ಇರಲಿಲ್ಲ, ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದೇ 1943ರಲ್ಲಿ. ಇದ್ದದ್ದು ಗಾಳಿ, ಬಿಸಿಲು, ಊಟ, ವಿಶ್ರಾಂತಿ. ನಮ್ಮ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತಂಗಿಯ ನೆನಪಿಗೆ ಕಟ್ಟಿಸಿದ ಟಿಬಿ ಸ್ಯಾನಟೋರಿಯಮ್ಮೂ ಅದೇ ಕಾಲದ್ದು, ಅದೇ ನಂಬಿಕೆಯದ್ದು.

ಇವತ್ತಿನ ಉದಾಹರಣೆ ಬೇಕಿದ್ದರೆ ಸಿಂಗಪುರದ ಯಿಶುನ್‌ನಲ್ಲಿ 2010ರಲ್ಲಿ ತೆರೆದ ಖೂ ಟೆಕ್ ಪುವಾಟ್ ಆಸ್ಪತ್ರೆ ನೋಡಿ. ದೊಡ್ಡ ಸರ್ಕಾರಿ ಆಸ್ಪತ್ರೆ, ಪಕ್ಕದಲ್ಲಿ ಒಂದು ಕೆರೆ. ಅವರು ಕೆರೆಗೆ ಬೆನ್ನು ತಿರುಗಿಸಿ ಕಾಂಪೌಂಡ್ ಹಾಕಲಿಲ್ಲ, ಕಟ್ಟಡವನ್ನೇ ಕೆರೆಯ ಕಡೆಗೆ ಬಾಯಿ ತೆರೆದ ಹಾಗೆ ಮಾಡಿದರು. ನಡುವೆ ತೋಟ, ಮಹಡಿ ಮಹಡಿಯಲ್ಲೂ ಗಿಡ. ತಾರಸಿ ಮೇಲೆ ಸುತ್ತಲಿನ ಜನವೇ ಬಂದು ತರಕಾರಿ ಬೆಳೆಯುತ್ತಾರೆ. ನನಗೆ ಇಷ್ಟವಾದದ್ದು ಬೇರೆ ವಿಷಯ. ಕಮ್ಮಿ ದುಡ್ಡಿನ ವಾರ್ಡುಗಳಿಗೆ ಅಲ್ಲಿ ಎಸಿ ಇಲ್ಲ. ಅದರ ಬದಲು ಗಾಳಿ ಒಳಗೆ ತಿರುಗಿ ಬರುವ ಹಾಗೆ ಹೊರಗೋಡೆಗೆ ರೆಕ್ಕೆ ಥರ ಚಾಚು ಕೊಟ್ಟಿದ್ದಾರೆ. ಹಸಿರು ಅಂದರೆ ಸ್ಪೆಷಲ್ ವಾರ್ಡಿನವರಿಗೆ ಮಾತ್ರ ಅಂತ ಅಲ್ಲ. 2017ರಲ್ಲಿ ಬಯೋಫಿಲಿಕ್ ವಿನ್ಯಾಸಕ್ಕೆಂದೇ ಇರುವ ಸ್ಟೀಫನ್ ಕೆಲರ್ಟ್ ಪ್ರಶಸ್ತಿ ಅದಕ್ಕೆ ಬಂತು.

ನಿಮ್ಮ 30 ಮಂಚಕ್ಕೆ ಕೆರೆ ಬೇಡ. ಜಲಪಾತದ ದುಡ್ಡನ್ನು ಕಿಟಕಿಗೆ ಹಾಕಿ. ನಾವು ಅಭ್ಯಾಸಬಲದಿಂದ ಕಿಟಕಿಯನ್ನು ನೆಲದಿಂದ ಮೂರು ಅಡಿ ಮೇಲೆ ಶುರು ಮಾಡುತ್ತೇವೆ, ನಿಂತವರಿಗೆ ಅದು ಸರಿ, ಮಲಗಿದವರಿಗೆ ಬರೀ ಆಕಾಶದ ತುಂಡು ಕಾಣುತ್ತದೆ. ಎರಡು ಅಡಿಗೆ ಇಳಿಸಿ, ಬೀಳದ ಹಾಗೆ ಸರಳು ಹಾಕಿಸಿ. ಮಂಚವನ್ನು ಗೋಡೆಗೆ ಹೇಗೆ ಇಟ್ಟರೆ ಕತ್ತು ತಿರುಗಿಸದೆ ಹೊರಗೆ ಕಾಣುತ್ತದೆ ಅಂತ ನಕ್ಷೆಯಲ್ಲೇ ಎಳೆದು ನೋಡಿ. ಕಿಟಕಿಯ ಮುಂದೆ ಎಸಿಯ ಔಟ್‌ಡೋರ್ ಯೂನಿಟ್ಟು, ಜನರೇಟರು ತಂದು ಕೂರಿಸಬೇಡಿ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮಮ್ಮ ಕೊನೆಯ ಸಲ ಅಡ್ಮಿಟ್ ಆಗಿದ್ದಾಗ ಹನ್ನೊಂದು ದಿನ ಅವರ ಕಿಟಕಿಯಲ್ಲಿ ಇದ್ದದ್ದು ಆರು ಔಟ್‌ಡೋರ್ ಯೂನಿಟ್‌ಗಳ ಹಿಂಭಾಗ. ಒಂದರ ಮೇಲೆ ಪಾರಿವಾಳ ಗೂಡು ಕಟ್ಟಿತ್ತು, ಅಮ್ಮ ದಿನವೆಲ್ಲ ಅದನ್ನೇ ನೋಡುತ್ತಿದ್ದರು. ನೋಡಲು ಜೀವ ಇರೋದು ಅದೊಂದೇ ಇತ್ತು.

ಬೆಳಕಿನ ಬಗ್ಗೆ ಒಂದು ಮಾತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಬೆನ್ನುಮೂಳೆಯ ಆಪರೇಷನ್ ಆದವರನ್ನು ನೋಡಿದಾಗ, ಬಿಸಿಲು ಚೆನ್ನಾಗಿ ಬೀಳುವ ಕಡೆ ಇದ್ದವರು ಗಂಟೆಗೆ ಸುಮಾರು 22% ಕಡಿಮೆ ನೋವಿನ ಔಷಧಿ ತೆಗೆದುಕೊಂಡರು ಅಂತ 2005ರಲ್ಲಿ ಪ್ರಕಟವಾಯಿತು. ಡಾಕ್ಟರಿಗೆ ನಾನೇನು ಹೇಳಲಿ, ನೀವೇ ಓದಿ ನೋಡಿ.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ತೋಟ, ಕೆರೆ, ಹಸಿರು ಎಲ್ಲ ಮಲೆನಾಡಿನವರಿಗೆ ಸರಿ. ನಮ್ಮಲ್ಲಿ ಏಪ್ರಿಲ್ ಬಂದರೆ 42 ಡಿಗ್ರಿ, ಕಿಟಕಿ ತೆಗೆದರೆ ಬೆಂಕಿ ಗಾಳಿ, ಧೂಳು. ನಮಗೆ ಎಸಿ ಬೇಕೋ ಮರ ಬೇಕೋ? (ರಾಯಚೂರಿನ ಓದುಗರು)

ಸಿಸ್ಟರ್, ಮಧ್ಯಾಹ್ನ ಎರಡು ಗಂಟೆಗೆ ಆ ವಾರ್ಡಿನಲ್ಲಿ ಓಡಾಡುವವರು ನೀವು, ನಾನು ಬೆಂಗಳೂರಿನಲ್ಲಿ ಕೂತು ಎಸಿ ಬೇಡ ಅಂದರೆ ಅದು ಅಧಿಕಪ್ರಸಂಗ. ಆಪರೇಷನ್ ಥಿಯೇಟರು, ಐಸಿಯು, ಸುಟ್ಟ ಗಾಯದವರ ವಾರ್ಡು, ಇವಕ್ಕೆಲ್ಲ ಎಸಿ ಬೇಕೇ ಬೇಕು. ಮಿಕ್ಕ ಕಡೆ ಲೆಕ್ಕ ಬೇರೆ.

ಪ್ರಕೃತಿ ಅಂದರೆ ಹುಲ್ಲುಹಾಸು ಅಂತ ಯಾರು ಹೇಳಿದರು? ನಿಮ್ಮ ಕಡೆಯ ಪ್ರಕೃತಿ ಅಂದರೆ ಬೇವಿನ ನೆರಳು, ದಪ್ಪ ಕಲ್ಲುಗೋಡೆ, ಸಂಜೆ ಮೇಲೆ ಬೀಸುವ ಗಾಳಿ. ನಿಮ್ಮ ಹಳೆ ಮನೆಗಳಲ್ಲಿ ಮಧ್ಯಾಹ್ನ ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಸೂರ್ಯ ಇಳಿದ ಮೇಲೆ ತೆಗೆಯುತ್ತಿದ್ದರು, ಅಲ್ವಾ? ಆಸ್ಪತ್ರೆಗೂ ಅದೇ ಲೆಕ್ಕ. ಪಡುವಣದ ಕಡೆ ವಾರ್ಡಿನ ದೊಡ್ಡ ಕಿಟಕಿ ಬೇಡ, ಅಲ್ಲಿಗೆ ಮೆಟ್ಟಿಲು, ಸ್ಟೋರು, ಶೌಚಾಲಯ ಹಾಕಲಿ. ವಾರ್ಡು ಬಡಗಣಕ್ಕೆ ತೆರೆಯಲಿ, ಮೇಲೆ ಅಗಲವಾದ ಸಜ್ಜಾ ಇರಲಿ. ನಡುವೆ ತೊಟ್ಟಿ ಬಿಟ್ಟು ಅದರಲ್ಲಿ ಒಂದೇ ಒಂದು ದೊಡ್ಡ ಮರ ಬೆಳೆಸಿದರೆ ನಾಲ್ಕೂ ಕಡೆಯ ವಾರ್ಡಿಗೆ ಅದೇ ಕಿಟಕಿಯ ನೋಟ. ಧೂಳೂ ಅಷ್ಟು ನುಗ್ಗುವುದಿಲ್ಲ.

ಗಾಳಿ ವಿಷಯಕ್ಕೆ ಒಂದು ಸಂಗತಿ ನಿಮಗೆ ಖಂಡಿತ ಇಷ್ಟವಾಗುತ್ತದೆ, ಯಾಕೆಂದರೆ ಟಿಬಿ ರೋಗಿ ಕೆಮ್ಮುವಾಗ ಎದುರಿಗೆ ನಿಲ್ಲುವವರು ನೀವೇ. ಪೆರು ದೇಶದ ಲಿಮಾದಲ್ಲಿ ಎಂಟು ಆಸ್ಪತ್ರೆಗಳ ರೂಮುಗಳಲ್ಲಿ ಒಳಗಿನ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ ಅಂತ ಅಳೆದರು, 2007ರಲ್ಲಿ ಅದು ಪ್ರಕಟವಾಯಿತು. ಯಂತ್ರದಿಂದ ಗಾಳಿ ಬದಲಿಸುವ, ಸೋಂಕಿನ ರೋಗಿಗಳಿಗೆಂದೇ ಮಾಡಿದ ರೂಮುಗಳ ಲೆಕ್ಕ ಗಂಟೆಗೆ 12 ಸಲ. ಬಾಗಿಲು ಕಿಟಕಿ ಸುಮ್ನೆ ತೆಗೆದಿಟ್ಟ ಮಾಮೂಲಿ ರೂಮುಗಳಲ್ಲಿ 28. ಇನ್ನೂ ಮಜಾ ಅಂದರೆ, 50 ವರ್ಷಕ್ಕಿಂತ ಹಳೆಯ, ಎತ್ತರದ ಸೂರು, ದೊಡ್ಡ ಕಿಟಕಿಯ ಕಟ್ಟಡಗಳಲ್ಲಿ 40! ಹೊಸ ಕಟ್ಟಡಗಳಲ್ಲಿ ಕಿಟಕಿ ತೆಗೆದಿಟ್ಟರೂ 17. ನಮ್ಮ ಊರುಗಳಲ್ಲಿ ಹಳೆ ಸರ್ಕಾರಿ ಆಸ್ಪತ್ರೆಯ ಎತ್ತರದ ಸೂರಿಗೆ ಫಾಲ್ಸ್ ಸೀಲಿಂಗ್ ಹೊಡೆದು, ಕಿಟಕಿಗೆ ಪ್ಲೈವುಡ್ ಬಡಿದು ‘ಮಾಡರ್ನ್’ ಮಾಡುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಅತ್ತೆಗೆ ಕ್ಯಾನ್ಸರಿಗೆ ಕೀಮೋ ನಡೀತಿದೆ. ದಿನಾ ತುಳಸಿಗೆ ನೀರು ಹಾಕದೆ ಇದ್ದವರೇ ಅಲ್ಲ. ಸಣ್ಣ ಕುಂಡದಲ್ಲಿ ತುಳಸಿ ತಗೊಂಡು ಹೋಗಿ ಮಂಚದ ಪಕ್ಕ ಇಡಲಾ? (ಶಿವಮೊಗ್ಗದ ಓದುಗರು)

ಬೇಡಮ್ಮ. ಕುಂಡದ ಒದ್ದೆ ಮಣ್ಣಿನಲ್ಲಿ ಆಸ್ಪರ್ಜಿಲಸ್ ಅನ್ನುವ ಬೂಷ್ಟು ಇರಬಹುದು. ನನಗೆ ನಿಮಗೆ ಅದು ಏನೂ ಮಾಡುವುದಿಲ್ಲ, ಕೀಮೋದಿಂದ ರೋಗನಿರೋಧಕ ಶಕ್ತಿ ಇಳಿದವರ ಶ್ವಾಸಕೋಶಕ್ಕೆ ಹೋದರೆ ಕಷ್ಟ. ಮಣ್ಣಿಲ್ಲ ಅಂತ ಹೂವಿನ ಬೊಕ್ಕೆಯನ್ನೂ ತರಬೇಡಿ, ಆ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಮನೆಯ ತುಳಸಿಗೆ ನೀವು ನೀರು ಹಾಕುವಾಗ ವಿಡಿಯೋ ಕಾಲ್ ಮಾಡಿ ತೋರಿಸಿ. ‘ಅಷ್ಟೊಂದು ಹಾಕ್ಬೇಡ, ಬೇರು ಕೊಳೆಯುತ್ತೆ’ ಅಂತ ಬೈದರೆ ಬೈಸಿಕೊಳ್ಳಿ.

ಪ್ರಶ್ನೆ: ಐಸಿಯುನಲ್ಲಿ ಕಿಟಕಿಯೇ ಇಲ್ಲ. ಕಾಡಿನ ಫೋಟೋ ಅಂಟಿಸಿದರೆ ಪ್ರಯೋಜನ ಇದೆಯಾ? (ಬೆಂಗಳೂರಿನ ಓದುಗರು)

ಸ್ವಲ್ಪ ಇದೆ. ಸ್ವೀಡನ್ನಿನ ಉಪ್ಸಲಾದಲ್ಲಿ ಹೃದಯದ ಆಪರೇಷನ್ ಆದ 160 ರೋಗಿಗಳ ಮುಂದೆ ಬೇರೆ ಬೇರೆ ಚಿತ್ರ ಇಟ್ಟು ನೋಡಿದ್ದಾರೆ. ನೀರು, ಮರ, ಬಯಲು ಇರುವ ಚಿತ್ರ ನೋಡಿದವರಿಗೆ ಆತಂಕ ಕಮ್ಮಿ ಇತ್ತು. ಚೌಕ ಚೌಕದ ನವ್ಯ ಚಿತ್ರ ನೋಡಿದವರಿಗೆ ಏನೂ ಚಿತ್ರ ಇಲ್ಲದವರಿಗಿಂತ ಜಾಸ್ತಿ ಆತಂಕ! ಚಿತ್ರಕಲಾವಿದ ಗೆಳೆಯರು ಕ್ಷಮಿಸಬೇಕು. ಅಂಟಿಸುವುದಾದರೆ ದಟ್ಟ ಕತ್ತಲೆ ಕಾಡು ಬೇಡ, ಬೆಳಕು ಬಿದ್ದ ಬಯಲು, ಹೊಳೆ ಇರಲಿ. ತಲೆಯ ಹಿಂದಿನ ಗೋಡೆಗೆ ಅಂಟಿಸಬೇಡಿ, ಅದು ಡಾಕ್ಟರಿಗೆ ಕಾಣುತ್ತದೆ, ರೋಗಿಗಲ್ಲ. ಇದರ ಜೊತೆ ರಾತ್ರಿ ದೀಪ ತಗ್ಗಿಸಿ, ಹಗಲು ಬೆಳಗಿಸಿ. ಇಪ್ಪತ್ನಾಲ್ಕು ಗಂಟೆ ಒಂದೇ ಟ್ಯೂಬ್‌ಲೈಟಿನ ಕೆಳಗೆ ಮಲಗಿದವರಿಗೆ ಹಗಲು ರಾತ್ರಿ ಗೊತ್ತಾಗದೆ ನಿದ್ದೆಯ ಲಯವೇ ಕೆಟ್ಟುಹೋಗುತ್ತದೆ.

ಪ್ರಶ್ನೆ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸರಿಯಾಗಿ ಡಾಕ್ಟರೇ ಇಲ್ಲ. ನೀವು ಮರ, ಹೂವು ಅಂತೀರಲ್ಲ? (ಮಂಡ್ಯದ ಓದುಗರು)

ನಿಮ್ಮ ಸಿಟ್ಟು ಸರಿ. ಡಾಕ್ಟರ್ ಬದಲಿಗೆ ಹೊಂಗೆ ಮರ ಕೊಡಿ ಅಂತ ನಾನು ಕೇಳುತ್ತಿಲ್ಲ. ಆದರೆ ಒಂದು ವಿಷಯ ನೋಡಿ. ನಮ್ಮ ಆಸ್ಪತ್ರೆಗಳಲ್ಲಿ ಒಬ್ಬ ರೋಗಿಯ ಜೊತೆ ಇಬ್ಬರು ಮೂವರು ಬಂದಿರುತ್ತಾರೆ. ವಿಸಿಟಿಂಗ್ ಅವರ್ಸ್ ಮುಗಿದ ಮೇಲೆ ಅವರೆಲ್ಲ ಎಲ್ಲಿ ಹೋಗಬೇಕು? ಬುತ್ತಿ ಬಿಚ್ಚುವುದು, ಮಗು ಮಲಗಿಸುವುದು, ಅಳುವುದು, ಊರಿಗೆ ಫೋನ್ ಮಾಡುವುದು ಎಲ್ಲ ಆವರಣದ ಯಾವುದೋ ಮರದ ಕೆಳಗೇ. ಪಾಶ್ಚಾತ್ಯರ ಪುಸ್ತಕಗಳಲ್ಲಿ ‘ಹೀಲಿಂಗ್ ಗಾರ್ಡನ್’ ಅಂದರೆ ರೋಗಿಯ ತೋಟ. ನಮ್ಮಲ್ಲಿ ಅದು ಮೊದಲು ರೋಗಿಯ ಕಡೆಯವರ ತೋಟ. ಪಾರ್ಕಿಂಗಿಗೆ ಅಂತ ಆ ಮರ ಕಡಿದಾಗ ಏನು ಹೋಯಿತು ಅಂತ ಯಾವ ಫೈಲಿನಲ್ಲೂ ಬರೆಯುವುದಿಲ್ಲ. ಡಾಕ್ಟರಿಗಾಗಿ ಖಂಡಿತ ಜಗಳ ಮಾಡಿ. ಆ ಅರ್ಜಿಯಲ್ಲೇ ಇರುವ ಮರ ಕಡಿಯಬೇಡಿ ಅಂತಲೂ ಒಂದು ಸಾಲು ಬರೆಯಿರಿ, ಅದಕ್ಕೆ ಬಜೆಟ್ ಬೇಕಾಗಿಲ್ಲ.

ಪ್ರಶ್ನೆ: ತೀರಿಹೋದ ನಮ್ಮ ತಂದೆಯ ಹೆಸರಿನಲ್ಲಿ ಊರಿನ ಆಸ್ಪತ್ರೆಗೆ 20 ಗಿಡ ನೆಡಿಸಬೇಕು ಅಂತಿದ್ದೇವೆ. ಯಾವ ಗಿಡ, ಎಲ್ಲಿ? (ಗದಗದ ಓದುಗರು)

ಇಪ್ಪತ್ತು ಬೇಡ, ಆರು ಸಾಕು. ಇಪ್ಪತ್ತು ನೆಟ್ಟು ಎರಡು ಉಳಿಯುವುದಕ್ಕಿಂತ ಆರು ನೆಟ್ಟು ಆರೂ ಉಳಿಸಿ. ನಿಮ್ಮ ಕಡೆಗೆ ಬೇವು, ಹೊಂಗೆ ಎರಡೂ ಕಡಿಮೆ ನೀರಿನಲ್ಲಿ ಬದುಕುತ್ತವೆ. ಜನ ಕೂರುವ ಕಡೆ ತೆಂಗು ಬೇಡ, ಕಾಯಿ, ಗರಿ ತಲೆ ಮೇಲೆ ಬೀಳುತ್ತದೆ. ಗುಲ್‌ಮೊಹರ್ ಚೆಂದ, ಆದರೆ ಗಾಳಿ ಮಳೆಗೆ ಕೊಂಬೆ ಮುರಿಯುತ್ತದೆ. ಕರೆಂಟು ತಂತಿಯ ಕೆಳಗೆ, ಆಂಬುಲೆನ್ಸ್ ತಿರುಗುವ ಜಾಗದಲ್ಲಿ, ಕಟ್ಟಡ ಮುಂದೆ ಬೆಳೆಯುವ ಕಡೆ ನೆಡಬೇಡಿ, ಹತ್ತು ವರ್ಷಕ್ಕೆ ಕಡಿಯುತ್ತಾರೆ. ಎಲ್ಲಕ್ಕಿಂತ ಮೊದಲು ಸಿಸ್ಟರ್‌ಗಳ ಅನುಮತಿ ಕೇಳಿ ಹೆರಿಗೆ ವಾರ್ಡಿನ ಖಾಲಿ ಮಂಚದ ಮೇಲೆ ಐದು ನಿಮಿಷ ಮಲಗಿ ಕಿಟಕಿ ಕಡೆ ನೋಡಿ. ಮರ ಎಲ್ಲಿ ಬಂದರೆ ಕಾಣುತ್ತದೆ ಅನಿಸುತ್ತದೋ ಅಲ್ಲಿಗೆ ಒಂದು ಗೂಟ ಹೊಡೆಸಿ. ನೆರಳಿನ ಮರಗಳಿಗೆ ಸುತ್ತ ಕಟ್ಟೆ ಕಟ್ಟಿಸುವುದಾದರೆ ಬುಡಕ್ಕೆ ಸಿಮೆಂಟ್ ತಾಗದ ಹಾಗೆ ಎರಡು ಅಡಿ ಮಣ್ಣು ಬಿಡಿ. ತಂದೆಯವರ ಹೆಸರಿನ ಕಲ್ಲು ಆಮೇಲೆ ಹಾಕಿದರೂ ನಡೆಯುತ್ತದೆ. ಮೊದಲ ಮೂರು ಬೇಸಿಗೆ ನೀರು ಹಾಕುವವರು ಯಾರು, ನಲ್ಲಿ ಎಲ್ಲಿದೆ, ಪೈಪು ಅಲ್ಲಿವರೆಗೆ ಮುಟ್ಟುತ್ತದಾ, ಇದನ್ನು ಮಾತ್ರ ಈಗಲೇ ಕೇಳಿಟ್ಟುಕೊಳ್ಳಿ.